ನಕ್ಷೆಯಲ್ಲಿ ಒಂದು ಬಣ್ಣದ ಸ್ಥಾನದಲ್ಲಿ ಇನ್ನೊಂದು ಬಣ್ಣ

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ರಚನೆಯಾದಾಗ, ಅದುವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದ ರಾಯದುರ್ಗ ತಾಲೂಕು ಅನಂತಪುರ ಜಿಲ್ಲೆಗೆ ಸೇರಿತು. 2022ರ ಏಪ್ರಿಲ್ 4ರಂದು ಆಂಧ್ರಪ್ರದೇಶದ 13 ಜಿಲ್ಲೆಗಳು 26 ಆದಾಗ, ಮಡಕಶಿರಾ ಪ್ರದೇಶದ ಅಗಳಿ ಮಂಡಲವು ಅನಂತಪುರವನ್ನು ಬಿಟ್ಟು, ಪುಟ್ಟಪರ್ತಿ ಕೇಂದ್ರವಾಗಿರುವ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ರಾಯದುರ್ಗವು ಅನಂತಪುರದಲ್ಲಿಯೇ ಉಳಿಯಿತು. ಇದಕ್ಕೆ ಮೊದಲು ಸಿದ್ಧವಾದ ನಕ್ಷೆಗಳಲ್ಲಿ ಈ ಎರಡೂ ಪ್ರದೇಶಗಳಿಗೆ ಒಂದೇ ಜಿಲ್ಲೆಯ ಬಣ್ಣವಿರುತ್ತದೆ. ಅಗಳಿಯ ಮಗುವು ಅಂತಹ ನಕ್ಷೆಯಲ್ಲಿ ತನ್ನ ಊರನ್ನು ಹುಡುಕಿದಾಗ, ಶಾಲೆಯ ಫಲಕದ ಮೇಲೆ ಒಂದು ಜಿಲ್ಲೆಯ ಹೆಸರನ್ನೂ ಗೋಡೆಯ ಮೇಲೆ ಇನ್ನೊಂದರ ಹೆಸರನ್ನೂ ಕಾಣುತ್ತದೆ. ಹೊಸ ಕನ್ನಡ ನಕ್ಷೆ ಕೈಸೇರುವವರೆಗೆ ಕಾಯದೆ, ಶಿಕ್ಷಕರು ಹಳೆಯ ನಕ್ಷೆಯ ಗಣಕ ಪ್ರತಿಯನ್ನು ತಾವೇ ತಿದ್ದಿಕೊಳ್ಳಬಹುದು. ಅದಕ್ಕೆ ಬಣ್ಣ ಬದಲಿಸುವ ಕ್ರಮವನ್ನು ಅರಿತಿರಬೇಕು.

ಬಣ್ಣವೆಂದರೆ ಮೂರು ಸಂಖ್ಯೆಗಳು

ಗಣಕದ ಚಿತ್ರವು ಪಿಕ್ಸೆಲ್ ಎಂಬ ಸಣ್ಣ ಚೌಕಗಳಿಂದಾದುದು. ಪ್ರತಿಯೊಂದು ಪಿಕ್ಸೆಲ್ಲಿನ ಬಣ್ಣವನ್ನು ಕೆಂಪು, ಹಸಿರು, ನೀಲಿ ಎಂಬ ಮೂರು ಅಂಶಗಳು ನಿರ್ಣಯಿಸುತ್ತವೆ. ಸಾಮಾನ್ಯ ಚಿತ್ರಗಳಲ್ಲಿ ಒಂದೊಂದು ಅಂಶವೂ 0ಯಿಂದ 255ರವರೆಗಿನ ಒಂದು ಸಂಖ್ಯೆ. ಹೀಗೆ ಒಟ್ಟು 1,67,77,216 ಬಣ್ಣಗಳು ಸಾಧ್ಯ. ಅಚ್ಚ ಹಳದಿಯು 255, 255, 0 ಆಗಿರುತ್ತದೆ. 252, 254, 3 ಎಂಬುದು ಕಣ್ಣಿಗೆ ಅದೇ ಹಳದಿಯಾಗಿ ಕಂಡರೂ ಗಣಕದ ಲೆಕ್ಕದಲ್ಲಿ ಬೇರೆಯ ಬಣ್ಣ. ಮುಂದೆ ಎದುರಾಗುವ ತೊಡಕುಗಳಲ್ಲಿ ಹೆಚ್ಚಿನವು ಈ ವ್ಯತ್ಯಾಸದಿಂದಲೇ ಹುಟ್ಟುತ್ತವೆ.

ಬದಲಿಸುವ ಎರಡು ಬಗೆಗಳು

ಮೊದಲನೆಯ ಬಗೆಯಲ್ಲಿ, ಚಿತ್ರದಲ್ಲಿ ಎಲ್ಲಿಯೇ ಇರಲಿ, ಒಂದು ನಿರ್ದಿಷ್ಟ ಬಣ್ಣದ ಪಿಕ್ಸೆಲ್‌ಗಳೆಲ್ಲವೂ ಬದಲಾಗುತ್ತವೆ. ಎರಡನೆಯದರಲ್ಲಿ, ಕ್ಲಿಕ್ ಮಾಡಿದ ಬಿಂದುವಿಗೆ ಒಂದಕ್ಕೊಂದು ಅಂಟಿಕೊಂಡಿರುವ ಅದೇ ಬಣ್ಣದ ಭಾಗ ಮಾತ್ರ ಬದಲಾಗುತ್ತದೆ. ಬಣ್ಣದ ಡಬ್ಬಿಯ ಚಿಹ್ನೆಯುಳ್ಳ ಉಪಕರಣವು ಸಾಮಾನ್ಯವಾಗಿ ಈ ಕೆಲಸಕ್ಕಿದೆ. ಹಳೆಯ ಅನಂತಪುರ ಜಿಲ್ಲೆಯ 63 ಮಂಡಲಗಳಿಗೂ ಒಂದೇ ಹಳದಿ ಇದ್ದರೆ, ಮೊದಲನೆಯ ಬಗೆಯನ್ನು ಹಾಗೆಯೇ ಪ್ರಯೋಗಿಸುವುದು ತಪ್ಪು: ಅಗಳಿಯ ಜೊತೆಗೆ ರಾಯದುರ್ಗವೂ ಹೊಸ ಬಣ್ಣಕ್ಕೆ ತಿರುಗುತ್ತದೆ. ಎರಡನೆಯ ಬಗೆಯಿಂದ ಶ್ರೀ ಸತ್ಯಸಾಯಿ ಜಿಲ್ಲೆಯ 32 ಮಂಡಲಗಳನ್ನು ಒಂದೊಂದಾಗಿ ತುಂಬಬಹುದು. ಆದರೆ ಗಡಿರೇಖೆಯಲ್ಲಿ ಒಂದು ಪಿಕ್ಸೆಲ್ಲಿನಷ್ಟು ಬಿರುಕಿದ್ದರೂ ಬಣ್ಣವು ಪಕ್ಕದ ಮಂಡಲಕ್ಕೆ ಹರಿಯುತ್ತದೆ. ಅಕ್ಷರಗಳ ಒಳಗೆ ಸಿಕ್ಕಿಕೊಂಡ ಹಳದಿ ಚುಕ್ಕೆಗಳು ಹಾಗೆಯೇ ಉಳಿಯುತ್ತವೆ. ದುಂಡಗಿನ ಕನ್ನಡ ಲಿಪಿಯಲ್ಲಿ ಇಂತಹ ಚುಕ್ಕೆಗಳು ಹಲವು.

ಆದುದರಿಂದ ಎರಡನ್ನೂ ಕೂಡಿಸುವುದು ಲೇಸು. ಉಚಿತವಾಗಿ ದೊರೆಯುವ ಗಿಂಪ್ ತಂತ್ರಾಂಶದಲ್ಲಿ ಮೊದಲು ಸ್ವತಂತ್ರ ಆಯ್ಕೆಯ ಉಪಕರಣದಿಂದ ಹೊಸ ಜಿಲ್ಲೆಯ ಎಲ್ಲೆಯನ್ನು ಸುತ್ತುವರಿಯಬೇಕು. ಬಳಿಕ ಬಣ್ಣಗಳ ಪಟ್ಟಿಯಲ್ಲಿರುವ ಬಣ್ಣ ವಿನಿಮಯದ ಆದೇಶದಲ್ಲಿ ಹಳೆಯ ಬಣ್ಣವನ್ನೂ ಹೊಸ ಬಣ್ಣವನ್ನೂ ಸೂಚಿಸಬೇಕು. ಆಯ್ಕೆಯಾದ ಎಲ್ಲೆಯೊಳಗಿನ ಹಳದಿ ಮಾತ್ರ ಬದಲಾಗುತ್ತದೆ. ಕಪ್ಪು ಗಡಿರೇಖೆಯೂ ಹೆಸರುಗಳೂ ಉಳಿಯುತ್ತವೆ. ಪೇಂಟ್ ತಂತ್ರಾಂಶದ ಹಳೆಯ ಆವೃತ್ತಿಗಳಲ್ಲಿ ಇದಕ್ಕೆ ಸಮೀಪದ ಉಪಾಯವೊಂದಿದೆ. ಮೊದಲನೆಯ ಬಣ್ಣವಾಗಿ ಹಳೆಯದನ್ನೂ ಎರಡನೆಯದಾಗಿ ಹೊಸದನ್ನೂ ಆರಿಸಿ, ಅಳಿಸುವ ಉಪಕರಣವನ್ನು ಮೌಸಿನ ಬಲಗುಂಡಿ ಒತ್ತಿಕೊಂಡು ಎಳೆದರೆ, ಹಾದುಹೋದ ಕಡೆಯಲ್ಲಿ ಹಳೆಯ ಬಣ್ಣವಷ್ಟೇ ಹೊಸದಾಗುತ್ತದೆ.

ಬಣ್ಣ ಪೂರ್ತಿ ಬದಲಾಗದಿರಲು ಕಾರಣ

ಕೆಲಸ ಮುಗಿದರೂ ನಕ್ಷೆಯಲ್ಲಿ ಹಳದಿಯ ಕಲೆಗಳು ಉಳಿಯುವುದುಂಟು. ಇದಕ್ಕೆ ಎರಡು ಕಾರಣಗಳಿವೆ. ಜೆಪೆಗ್ ರೂಪದ ಕಡತವು ಗಾತ್ರವನ್ನು ಕುಗ್ಗಿಸಲು ಚಿತ್ರವನ್ನು ಸಣ್ಣ ತುಂಡುಗಳಾಗಿ ವಿಂಗಡಿಸಿ ಸ್ಥೂಲವಾಗಿ ಉಳಿಸುತ್ತದೆ. ಅದರಿಂದ ಒಂದೇ ಹಳದಿಯು ಹಲವು ಸಮೀಪದ ಹಳದಿಗಳಾಗಿ ಚದುರುತ್ತದೆ. ಇನ್ನು ಅಕ್ಷರಗಳೂ ರೇಖೆಗಳೂ ನಯವಾಗಿ ಕಾಣಲೆಂದು ಅವುಗಳ ಅಂಚಿನಲ್ಲಿ ಕಪ್ಪು ಹಳದಿಗಳ ನಡುವಣ ಬಣ್ಣಗಳನ್ನು ಬಳಸಿರುತ್ತಾರೆ. ಹಳದಿ ನೀಲಿಯಾದ ಮೇಲೂ ಈ ಮಬ್ಬು ಹಳದಿಯ ಅಂಚು ಅಕ್ಷರದ ಸುತ್ತ ನಿಂತು, ಒತ್ತಕ್ಷರಗಳನ್ನು ಓದಲು ತೊಡಕಾಗುತ್ತದೆ.

ಮೊದಲನೆಯದಕ್ಕೆ ಪರಿಹಾರವೆಂದರೆ ಸಹನಮಿತಿ, ಅಂದರೆ ಎಷ್ಟು ವ್ಯತ್ಯಾಸದವರೆಗೆ ಬಣ್ಣವನ್ನು ಒಂದೇ ಎಂದು ಪರಿಗಣಿಸಬೇಕೆಂಬ ಅಳತೆ. ಇದನ್ನು ಸ್ವಲ್ಪಸ್ವಲ್ಪವಾಗಿ ಏರಿಸುತ್ತ ನೋಡಬೇಕು. ಅತಿಯಾದರೆ ನೆರೆಯ ಬಣ್ಣಗಳನ್ನೂ ಅದು ನುಂಗುತ್ತದೆ. ಎರಡನೆಯದಕ್ಕೆ, ಸಾಧ್ಯವಾದರೆ ಹೆಸರುಗಳಿಲ್ಲದ ನಕ್ಷೆಯನ್ನು ತೆಗೆದುಕೊಂಡು ಬಣ್ಣ ಬದಲಿಸಿದ ಮೇಲೆ ಹೆಸರುಗಳನ್ನು ಬೇರೊಂದು ಪದರದಲ್ಲಿ ಬರೆಯುವುದು ಉತ್ತಮ. ತಿದ್ದಿದ ಪ್ರತಿಯನ್ನು ಪಿಎನ್‌ಜಿ ರೂಪದಲ್ಲಿ ಉಳಿಸಿದರೆ ಬಣ್ಣದ ಸಂಖ್ಯೆಗಳು ಕೆಡುವುದಿಲ್ಲ. ಮೂಲ ಕಡತವನ್ನು ಮುಟ್ಟದೆ ಪ್ರತ್ಯೇಕವಾಗಿ ಇರಿಸಿಕೊಳ್ಳತಕ್ಕದ್ದು.

ಹೊಸ ಬಣ್ಣದ ಆಯ್ಕೆ

ಬಣ್ಣದ ನಕ್ಷೆಯು ಮಕ್ಕಳ ಕೈಗೆ ಬರುವುದು ಬಹುಮಟ್ಟಿಗೆ ಕಪ್ಪು ಬಿಳುಪಿನ ಜೆರಾಕ್ಸ್ ಪ್ರತಿಯಾಗಿ. ಬಣ್ಣವನ್ನು ಬೂದಿಗೆ ಇಳಿಸುವ ಒಂದು ರೂಢಿಯ ಸೂತ್ರದಲ್ಲಿ ಕೆಂಪಿನ 0.299, ಹಸಿರಿನ 0.587, ನೀಲಿಯ 0.114 ಪಾಲನ್ನು ಕೂಡಿಸುತ್ತಾರೆ. ಇದರಂತೆ 255, 0, 0ರ ಕೆಂಪೂ 0, 130, 0ರ ಹಸಿರೂ ಎರಡೂ ಸುಮಾರು 76ರ ಬೂದಿಯಾಗಿ, ಎರಡು ಜಿಲ್ಲೆಗಳು ಒಂದೇ ಆಗಿ ಕಾಣುತ್ತವೆ. ಕೆಂಪು ಹಸಿರುಗಳನ್ನು ಬೇರ್ಪಡಿಸಿ ನೋಡಲಾಗದ ಮಕ್ಕಳೂ ತರಗತಿಯಲ್ಲಿರಬಹುದು. ಹಳದಿಗೆ ಜೊತೆಯಾಗಿ 90, 160, 220ರ ನೀಲಿಯನ್ನು ಆರಿಸಿದರೆ, ಹಳದಿ 226, ನೀಲಿ 146 ಆಗಿ ವ್ಯತ್ಯಾಸ ಉಳಿಯುತ್ತದೆ. ಬಣ್ಣ ಬದಲಿಸಿದ ಮೇಲೆ ಸೂಚಿಯಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ನೀಲಿಯ ಚೌಕವನ್ನು ಸೇರಿಸಲು ಮರೆಯಬಾರದು. ಸೂಚಿಗೆ ಹೊಂದದ ನಕ್ಷೆಯು ಹಳೆಯ ನಕ್ಷೆಗಿಂತಲೂ ಹೆಚ್ಚು ದಾರಿ ತಪ್ಪಿಸುತ್ತದೆ.

ತರಗತಿಯ ಚಟುವಟಿಕೆ

ಎರಡು ಜಿಲ್ಲೆಗಳ ಬಣ್ಣಗಳನ್ನು ಅದಲುಬದಲು ಮಾಡಲು ಮಕ್ಕಳಿಗೆ ಹೇಳಬೇಕು. ಹಳದಿಯನ್ನೆಲ್ಲ ನೇರವಾಗಿ ನೀಲಿಯಾಗಿಸಿದರೆ ಎರಡೂ ಬೆರೆತು, ಮರಳಿ ಬೇರ್ಪಡಿಸಲಾಗುವುದಿಲ್ಲ. ಎರಡು ಪಾತ್ರೆಗಳ ಹಾಲು ಮಜ್ಜಿಗೆಗಳನ್ನು ಅದಲುಬದಲಿಸಲು ಮೂರನೆಯ ಪಾತ್ರೆ ಬೇಕಾಗುವಂತೆ, ಇಲ್ಲಿಯೂ ನಕ್ಷೆಯಲ್ಲಿಲ್ಲದ ಮೂರನೆಯ ಬಣ್ಣವೊಂದು ಬೇಕು. ಮಕ್ಕಳು ಇದನ್ನು ತಾವೇ ಕಂಡುಕೊಳ್ಳಲು ಬಿಡಬೇಕು. ಅನಂತರ 1953ಕ್ಕೆ ಮೊದಲು, 1953ರಿಂದ 2022ರವರೆಗೆ, 2022ರ ಬಳಿಕ ಎಂದು ಮೂರು ನಕ್ಷೆಗಳನ್ನು ಸಿದ್ಧಪಡಿಸಿ, ರಾಯದುರ್ಗ ಮತ್ತು ಅಗಳಿಗಳ ಬಣ್ಣವನ್ನು ಹೋಲಿಸಿ ನೋಡಲಿ. ಊರುಗಳು ನಿಂತಲ್ಲಿಯೇ ಇದ್ದು ಜಿಲ್ಲೆಯ ಎಲ್ಲೆಗಳು ಮಾತ್ರ ಸರಿದಿವೆ ಎಂಬುದು ಅವರಿಗೆ ಆಗ ಸ್ಪಷ್ಟವಾಗುತ್ತದೆ.