ಎಲ್‌ಇಡಿ ದೀಪವೂ ಅದರ ರೆಸಿಸ್ಟರೂ

ಹೆಣ್ಣುಮಕ್ಕಳು ವಿದ್ಯುತ್ತಿನ ತಂತಿಯನ್ನು ಹಿಡಿದರೆ ತಾಯಿತಂದೆಗಳು ಅಂಜುವುದು ಸಹಜವೇ. ಆದರೂ ಅಂಜತಕ್ಕದ್ದು ಯಾವುದು, ಅಂಜಬೇಕಿಲ್ಲದ್ದು ಯಾವುದು ಎಂಬುದನ್ನು ಇಲ್ಲಿ ವಿವರಿಸಲಿಚ್ಛಿಸುತ್ತೇವೆ.

ಆರ್ಡುಯಿನೊ ಎಂಬ ಪುಟ್ಟ ಬೋರ್ಡು 2005ರಲ್ಲಿ ಇಟಲಿಯ ಇವ್ರೆಯಾ ಪಟ್ಟಣದಲ್ಲಿ ವಿದ್ಯಾರ್ಥಿಗಳ ಉಪಯೋಗಕ್ಕಾಗಿ ಹುಟ್ಟಿತು. ಅದರ ‘ಊನೊ ಆರ್‌3’ ಎಂಬ ಮಾದರಿಯು ದೀಪಕ್ಕೆ ಕೊಡುವುದು ಕೇವಲ 5 ವೋಲ್ಟು. ಇದರಿಂದ ಕೈಗೆ ಅಪಾಯವಿಲ್ಲ. ಗೋಡೆಯ ಸಾಕೆಟ್ಟಿನಲ್ಲಿರುವುದಾದರೋ 230 ವೋಲ್ಟು. ಅದಕ್ಕೆ ಮಕ್ಕಳು ಎಂದಿಗೂ ಕೈಯಿಕ್ಕತಕ್ಕದ್ದಲ್ಲ.

ಎಲ್‌ಇಡಿ ದೀಪಕ್ಕೆ ಎರಡು ಕಾಲುಗಳುಂಟು. ಉದ್ದವಾದದ್ದು ಧನ, ಗಿಡ್ಡವಾದದ್ದು ಋಣ. ಉದ್ದ ಕಾಲಿಗೆ 220 ಓಮಿನ ರೆಸಿಸ್ಟರನ್ನು ಕೂಡಿಸಿ, ಅದರ ಮತ್ತೊಂದು ತುದಿಯನ್ನು ಬೋರ್ಡಿನ 13ನೆಯ ಪಿನ್ನಿಗೂ, ಗಿಡ್ಡ ಕಾಲನ್ನು ಗ್ರೌಂಡ್ ಪಿನ್ನಿಗೂ ಸೇರಿಸಬೇಕು. ಬಳಿಕ ಕಂಪ್ಯೂಟರಿನಿಂದ ‘ಬ್ಲಿಂಕ್’ ಎಂಬ ಪ್ರೋಗ್ರಾಮನ್ನು ಕಳುಹಿಸಿದರೆ ದೀಪವು ಒಂದು ಸೆಕೆಂಡು ಬೆಳಗಿ ಒಂದು ಸೆಕೆಂಡು ಆರುವುದು.

ರೆಸಿಸ್ಟರು ಯಾತಕ್ಕೆ? ಕೆಂಪು ಎಲ್‌ಇಡಿಯು ಸುಮಾರು 2 ವೋಲ್ಟಿಗೆ ಬೆಳಗುವುದು. ಆಮೇಲೆ ವೋಲ್ಟು ತುಸುವೇ ಏರಿದರೂ ಪ್ರವಾಹವು ಮಿತಿಮೀರಿ ಏರುವುದು. ತನ್ನನ್ನು ತಾನೇ ತಡೆದುಕೊಳ್ಳುವ ಗುಣ ಆ ದೀಪಕ್ಕಿಲ್ಲ. ಆದಕಾರಣ ಉಳಿದ 3 ವೋಲ್ಟನ್ನು ರೆಸಿಸ್ಟರು ಹೊರಬೇಕು. 3ನ್ನು 220ರಿಂದ ಭಾಗಿಸಿದರೆ ಸುಮಾರು 14 ಮಿಲಿಆಂಪಿಯರು. 20ರ ಮಿತಿಯೊಳಗಿರುವುದರಿಂದ ಎಲ್ಲವೂ ಕ್ಷೇಮ. ರೆಸಿಸ್ಟರಿಲ್ಲದಿದ್ದರೆ ಅಲ್ಪಬೆಲೆಯ ದೀಪವಲ್ಲದೆ ಬೋರ್ಡಿನ ಪಿನ್ನೂ ಕೆಡಬಹುದು. ದೀಪಗಳು ಹಲವಾದರೆ ಒಂದೊಂದಕ್ಕೂ ಒಂದೊಂದು ರೆಸಿಸ್ಟರು ಬೇಕು.

ತಾಯಿತಂದೆಗಳೇ, ಈ ಭಾಗಾಕಾರವನ್ನು ಮಗಳಿಂದ ಮೊದಲು ಹೇಳಿಸಿರಿ. ಸರಿಯಾಗಿ ಹೇಳಿದಳಾದರೆ ಅಂಜದೆ ತಂತಿಯನ್ನು ಅವಳ ಕೈಗೆ ಕೊಡಿರಿ.