ಉತ್ತರಕ್ಕೆ ಹಾರಿದರೆ ಅಮೆರಿಕ!

ದೇವನಹಳ್ಳಿಯಿಂದ ವಿಮಾನ ಹತ್ತಿ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಬೇಕು. ಪೂರ್ವಕ್ಕೋ, ಪಶ್ಚಿಮಕ್ಕೋ? ಗೋಡೆಯ ಭೂಪಟ ನೋಡಿ ಬೆಳೆದ ನಾವು ಎರಡರಲ್ಲೊಂದು ಹೇಳುತ್ತೇವೆ. ಈಗ ಗ್ಲೋಬ್ ಮೇಲೆ ಒಂದು ದಾರ ಬಿಗಿಯಾಗಿ ಎಳೆದು ನೋಡಿ! ದಾರ ಉತ್ತರಕ್ಕೆ ಏರುತ್ತದೆ, ಪೂರ್ವದ ಕಡೆ ಇಪ್ಪತ್ತು ಡಿಗ್ರಿಯಷ್ಟೇ ವಾಲಿಕೊಂಡು. ಟಿಬೆಟ್, ಮಂಗೋಲಿಯಾದ ಪಶ್ಚಿಮ ಮೂಲೆ, ಸೈಬೀರಿಯಾ, ಹಿಮ ಹೆಪ್ಪುಗಟ್ಟಿದ ಆರ್ಕ್ಟಿಕ್ ಸಾಗರ! ಅಲ್ಲಿಂದ ಅಲಾಸ್ಕಾ ದಾಟಿ ಕ್ಯಾಲಿಫೋರ್ನಿಯಾಗೆ ಇಳಿಜಾರು.

ಈ ದಾರದ ಉದ್ದ ಎಷ್ಟೆಂದು ತಿಳಿಯಲು ನಾಲ್ಕೇ ನಾಲ್ಕು ಸಂಖ್ಯೆ ಸಾಕು: ಎರಡೂ ನಿಲ್ದಾಣಗಳ ಅಕ್ಷಾಂಶ, ರೇಖಾಂಶ. ಬೆಂಗಳೂರು ನಿಲ್ದಾಣ 13.2 ಉತ್ತರ, 77.7 ಪೂರ್ವ. ಸ್ಯಾನ್ ಫ್ರಾನ್ಸಿಸ್ಕೋ ನಿಲ್ದಾಣ 37.6 ಉತ್ತರ, 122.4 ಪಶ್ಚಿಮ. ಇವನ್ನು ಹ್ಯಾವರ್‌ಸೈನ್ ಸೂತ್ರಕ್ಕೆ ಹಾಕಿದರೆ, ಭೂಮಿಯ ನಟ್ಟನಡುವೆ ನಿಂತು ಎರಡೂ ಊರುಗಳತ್ತ ಕೈಚಾಚಿದವನ ತೋಳುಗಳ ನಡುವಿನ ಕೋನ ಸಿಗುತ್ತದೆ: 125.8 ಡಿಗ್ರಿ. ಡಿಗ್ರಿಗೆ 111.2 ಕಿ.ಮೀ. ಗುಣಿಸಿ. ಸುಮಾರು 13,990 ಕಿ.ಮೀ.! (ಸೂತ್ರದ ಒಡಲಲ್ಲಿರುವುದು ಸೂರ್ಯಸಿದ್ಧಾಂತದ ಖಗೋಳ ಗಣಿತಜ್ಞರಿಗೆ ಗೊತ್ತಿದ್ದ ಉತ್ಕ್ರಮಜ್ಯಾದ, ಅಂದರೆ ಒಂದರಿಂದ ಕೊಸೈನ್ ಕಳೆದು ಉಳಿದದ್ದರ, ಅರ್ಧ ಅಷ್ಟೆ.) ಅದೇ ಮರ್ಕೇಟರ್ ಭೂಪಟದ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆದು, ದಿಕ್ಸೂಚಿ ಅಲ್ಲಾಡದಂತೆ ಹಾರಿದಿರೋ, 16,100 ಕಿ.ಮೀ. ಆಗುತ್ತದೆ. ನೇರವೆಂದು ಕಂಡ ಗೆರೆಯೇ ಎರಡು ಸಾವಿರ ಕಿಲೋಮೀಟರ್ ಸುತ್ತು!

ದೂರ ಸಿಕ್ಕಿತು, ಇನ್ನು ಹೊತ್ತು. ಗಂಟೆಗೆ 900 ಕಿ.ಮೀ. ಎಂದು ಭಾಗಿಸಿದರೆ ಹದಿನೈದೂವರೆ ಗಂಟೆ. ಆಕಾಶ ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ. ವಿಮಾನದೊಳಗಿನ ಗಾಳಿಯ ಒತ್ತಡ ಕುಸಿದರೆ ಹತ್ತು ಸಾವಿರ ಅಡಿಗೆ ಇಳಿಯಬೇಕು. ಟಿಬೆಟ್ಟಿನ ನೆಲವೇ ಅದಕ್ಕಿಂತ ಎತ್ತರ. ಹಾಗಾಗಿ ವಿಮಾನಗಳು ಸಾಮಾನ್ಯವಾಗಿ ಅದನ್ನು ಸುತ್ತುಬಳಸಿ ಹೋಗುತ್ತವೆ. ಮೇಲಿನ ಜೆಟ್ ಸ್ಟ್ರೀಮ್ ಗಾಳಿ ಒಮ್ಮೆ ಬೆನ್ನಿಗೆ, ಒಮ್ಮೆ ಎದೆಗೆ. ಅಂತೂ ಹದಿನಾರು, ಹದಿನೇಳು ಗಂಟೆ.

ಗಡಿಯಾರದ ಆಟ ಇನ್ನೂ ಸೋಜಿಗ! ಚಳಿಗಾಲದಲ್ಲಿ ಎರಡೂ ಊರುಗಳ ನಡುವೆ ಹದಿಮೂರೂವರೆ ಗಂಟೆ ಅಂತರ. ಇಲ್ಲಿ ಮಧ್ಯಾಹ್ನ ಎರಡಕ್ಕೆ ಹೊರಟು ಹದಿನಾರೂವರೆ ಗಂಟೆ ಹಾರಿದವರು ಅಲ್ಲಿ ಇಳಿಯುವಾಗ ಅದೇ ದಿನ ಸಂಜೆ ಐದು. ಊಟ, ನಿದ್ದೆ, ಮತ್ತೆ ಊಟ, ಎಲ್ಲ ಮುಗಿದರೂ ಗೋಡೆ ಗಡಿಯಾರದ ಪ್ರಕಾರ ಮೂರೇ ಗಂಟೆ!

ಬರುವಾಗ ಬಡ್ಡಿ ಸಮೇತ ವಸೂಲಿ. 2021ರ ಜನವರಿ 9ರ ಶನಿವಾರ ರಾತ್ರಿ, ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮತ್ತು ಅವರ ಮಹಿಳಾ ಪೈಲಟ್‌ಗಳ ತಂಡ ಏರ್ ಇಂಡಿಯಾದ ಬೋಯಿಂಗ್ 777ನ್ನು ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲಿಂದ ಹಾರಿಸಿತು. ಸುಮಾರು ಹದಿನೇಳು ಗಂಟೆಯ ಹಾರಾಟ. ದೇವನಹಳ್ಳಿಯಲ್ಲಿ ಚಕ್ರ ನೆಲ ಮುಟ್ಟಿದಾಗ ಸೋಮವಾರದ ನಸುಕು. ಧ್ರುವದಲ್ಲಿ ಎಲ್ಲ ರೇಖಾಂಶಗಳೂ ಒಂದೇ ಬಿಂದುವಿನಲ್ಲಿ ಕೂಡುತ್ತವೆ. ಅಲ್ಲಿ ಗಂಟೆ ಎಷ್ಟೆಂದು ಕೇಳಿದರೆ ಯಾವ ಉತ್ತರವೂ ತಪ್ಪಲ್ಲ. ಕಾಕ್‌ಪಿಟ್‌ಗೆ ಆ ಗೊಂದಲವಿಲ್ಲ: ಪೈಲಟ್‌ಗಳ ಗಡಿಯಾರ ಲೋಕದ ಎಲ್ಲ ಕಡೆ ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯದಲ್ಲೇ ಓಡುತ್ತದೆ.