ಸ್ನಾಯುವಿಗೊಂದು ಕನ್ನಡಿ



ನಿಮ್ಮಲ್ಲಿ ಹೆಚ್ಚಿನವರು ಹುಟ್ಟಿ ಬೆಳೆದದ್ದು ಮುಂಬಯಿಯಲ್ಲೇ. ಮನೆಯೊಳಗೆ ಕನ್ನಡ, ಕಟ್ಟಡದ ಕೆಳಗಿಳಿದರೆ ಮರಾಠಿ-ಹಿಂದಿ, ಕಾಲೇಜಿನಲ್ಲಿ ಇಂಗ್ಲಿಷ್. "ಕನ್ನಡ ಕಲಿತು ನಮಗೇನು ಪ್ರಯೋಜನ ಅಮ್ಮ?" ಎಂದು ನನ್ನ ಮಗನೂ ಕೇಳುತ್ತಿದ್ದ. ಬಿ.ಎ.ಯಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದ ನನಗೂ ಸರಿಯಾದ ಉತ್ತರ ಹೊಳೆಯುತ್ತಿರಲಿಲ್ಲ. ಕೊನೆಗೆ ಉತ್ತರ ಸಿಕ್ಕಿದ್ದು ಒಂದು ಫಿಸಿಯೋಥೆರಪಿ ಕೋಣೆಯಲ್ಲಿ.

2022ರ ಮಳೆಗಾಲದಲ್ಲಿ ನನ್ನ ಅತ್ತೆಯವರಿಗೆ ಪಾರ್ಶ್ವವಾಯು ಬಡಿಯಿತು. ಆಗ ಅವರಿಗೆ 78 ವರ್ಷ. ಉಡುಪಿ ಕಡೆಯ ಹಳ್ಳಿಯಿಂದ ಡೊಂಬಿವಲಿಯ ನಮ್ಮ ಮನೆಗೆ ಬಂದು ಹತ್ತು ವರ್ಷವಾಗಿದ್ದರೂ ಹಿಂದಿ ಅವರ ನಾಲಿಗೆಗೆ ಹತ್ತಿರಲಿಲ್ಲ. ಎಡಗೈ, ಎಡಗಾಲು ಸೋತವು, ಮಾತು ಉಳಿಯಿತು. ಎರಡು ತಿಂಗಳಲ್ಲಿ ಗೋಡೆ ಹಿಡಿದು ನಾಲ್ಕು ಹೆಜ್ಜೆ ಹಾಕುವಂತಾದರು. ಆದರೆ ಎಡಪಾದದ ಮುಂಭಾಗ ಮೇಲೇಳದೆ ಬೆರಳುಗಳು ನೆಲಕ್ಕೆ ಉಜ್ಜುತ್ತಿದ್ದವು. ಒಂದು ಬೆಳಿಗ್ಗೆ ಬಚ್ಚಲುಮನೆಯ ಹೊಸ್ತಿಲಿಗೆ ಎಡವಿ ಬಿದ್ದೇಬಿಟ್ಟರು. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ, ಧೈರ್ಯ ಮುರಿಯಿತು. "ಇನ್ನು ನನ್ನನ್ನು ನಡೆಸಬೇಡಿ. ಮಂಚದಲ್ಲೇ ಇರುತ್ತೇನೆ" ಎಂದುಬಿಟ್ಟರು.

ಹೀಗೆ ಪಾದ ಜೋತುಬೀಳುವುದನ್ನು ವೈದ್ಯರು 'ಫುಟ್ ಡ್ರಾಪ್' ಎನ್ನುತ್ತಾರೆ. ಮೊಣಕಾಲಿನ ಕೆಳಗೆ, ಮುಂದಿನ ಎಲುಬಿನ ಹೊರಮಗ್ಗುಲಿಗೆ ಒಂದು ಸ್ನಾಯುವಿದೆ. ಹೆಜ್ಜೆ ಎತ್ತಿದಾಗಲೆಲ್ಲ ಪಾದದ ಮುಂಭಾಗವನ್ನು ಮೇಲಕ್ಕೆಳೆಯುವುದು ಅದರ ಕೆಲಸ. ಪಾರ್ಶ್ವವಾಯುವಿನಲ್ಲಿ ಪೆಟ್ಟು ಬೀಳುವುದು ಮಿದುಳಿಗೆ. ಕಾಲಿನ ಸ್ನಾಯು ಇದ್ದಲ್ಲೇ ಇರುತ್ತದೆ, ಅದಕ್ಕೆ ಬರುವ ಅಪ್ಪಣೆ ಮಾತ್ರ ಕ್ಷೀಣವಾಗಿರುತ್ತದೆ. ಎಷ್ಟು ಕ್ಷೀಣವೆಂದರೆ, ಸ್ನಾಯು ಸ್ವಲ್ಪ ಸ್ಪಂದಿಸಿದರೂ ಪಾದ ಅಲುಗುವುದಿಲ್ಲ, ರೋಗಿಗೆ ಗೊತ್ತೂ ಆಗುವುದಿಲ್ಲ. "ಎಷ್ಟು ಪ್ರಯತ್ನಪಟ್ಟರೂ ಏನೂ ಆಗುತ್ತಿಲ್ಲ" ಎಂದು ಕೈಚೆಲ್ಲುತ್ತಾರೆ.

ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎಂಬ ಗಾದೆ ನೀವು ಕೇಳಿರಬಹುದು. ಆದರೆ ಚರ್ಮದೊಳಗಿನ ಸ್ನಾಯುವಿನ ಸ್ಪಂದನ ಕಾಣಲು ಕನ್ನಡಿ ಬೇಕು. ಇ.ಎಂ.ಜಿ. ಬಯೋಫೀಡ್‌ಬ್ಯಾಕ್ ಅಂಥದೊಂದು ಕನ್ನಡಿ. ಸ್ನಾಯು ಬಿಗಿಯುವಾಗ ಹುಟ್ಟುವ ವಿದ್ಯುತ್ತನ್ನು ವೋಲ್ಟಿನ ಹತ್ತು ಲಕ್ಷದಲ್ಲೊಂದು ಪಾಲಿನ ಲೆಕ್ಕದಲ್ಲಿ ಅಳೆಯುತ್ತಾರೆ. ಚರ್ಮದ ಮೇಲೆ ಅಂಟಿಸಿದ ಪುಟ್ಟ ಪಟ್ಟಿಗಳು ಅದನ್ನು ಹಿಡಿಯುತ್ತವೆ. ಯಂತ್ರ ಅದನ್ನು ದೊಡ್ಡದು ಮಾಡಿ ಶಬ್ದವಾಗಿ, ಪರದೆಯ ಮೇಲೆ ಏರಿಳಿಯುವ ಗೆರೆಯಾಗಿ ತೋರಿಸುತ್ತದೆ. ಪ್ರಯತ್ನ ಹೆಚ್ಚಿದರೆ ಶಬ್ದ ಹೆಚ್ಚು, ಬಿಟ್ಟರೆ ಮೌನ.

"ಕರೆಂಟು ಕೊಡುವುದಾ ಮಗಾ?" ಎಂದು ಅತ್ತೆ ಮೊಮ್ಮಗನ ಕೈ ಗಟ್ಟಿಯಾಗಿ ಹಿಡಿದರು. ಇಲ್ಲ, ಈ ಯಂತ್ರ ಕರೆಂಟು ಕೊಡುವುದಿಲ್ಲ, ಕೇಳಿಸಿಕೊಳ್ಳುತ್ತದೆ ಅಷ್ಟೇ. ಕರೆಂಟು ಕೊಟ್ಟು ಸ್ನಾಯುವನ್ನು ಕುಣಿಸುವ ಯಂತ್ರವೇ ಬೇರೆ.

ಫಿಸಿಯೋಥೆರಪಿಸ್ಟ್ ಮರಾಠಿ ಹುಡುಗಿ, ಬಹಳ ತಾಳ್ಮೆಯವಳು. "ಆಜಿ, ಪಂಜಾ ಊಪರ್" ಎಂದಳು. ಅತ್ತೆಗೆ ಅರ್ಥವಾಗಲಿಲ್ಲ. ನನ್ನ ಮಗ, "ಅಜ್ಜಿ, ಕಾಲು ಎತ್ತಿ" ಎಂದು ಕನ್ನಡ ಮಾಡಿದ. ಪಾಪ, ಅತ್ತೆ ಹಲ್ಲು ಕಚ್ಚಿ ತೊಡೆಯನ್ನೇ ಎತ್ತಿದರು. ಯಂತ್ರ ಸುಮ್ಮನಿತ್ತು. ಮತ್ತೆ ಹೇಳಿದ, ಮತ್ತೆ ತೊಡೆ, ಮತ್ತೆ ಮೌನ. ಅತ್ತೆಯ ಕಣ್ಣಲ್ಲಿ ನೀರು. ತಪ್ಪು ಅವರದಲ್ಲ. ನಮ್ಮ ಕನ್ನಡದಲ್ಲಿ ತೊಡೆಯಿಂದ ಬೆರಳ ತುದಿಯವರೆಗೆ ಎಲ್ಲವೂ 'ಕಾಲು' ತಾನೇ! ಮಗನಿಗೆ ಹಿಮ್ಮಡಿ ಎಂಬ ಪದ ಗೊತ್ತಿರಲಿಲ್ಲ.

ನಾನು ಬಾಗಿ ಹೇಳಿದೆ: "ಅತ್ತೆ, ಹಿಮ್ಮಡಿ ನೆಲದಲ್ಲೇ ಇರಲಿ. ಪಾದದ ಮುಂಭಾಗ ಮಾತ್ರ ಮೇಲೆ ಬರಲಿ. ಆಗಷ್ಟೇ ಸೆಗಣಿ ಸಾರಿಸಿದ ಅಂಗಳದಲ್ಲಿ ಹಿಮ್ಮಡಿಯೂರಿ ದಾಟುತ್ತೇವಲ್ಲ, ಹಾಗೆ." ಅತ್ತೆ ಕಣ್ಣು ಮುಚ್ಚಿದರು. ಪಾದ ಅಲುಗಲಿಲ್ಲ. ಆದರೆ ಯಂತ್ರ 'ಟಿಕ್ ಟಿಕ್' ಎಂದಿತು! "ಅದು ನಾನಾ?" ಎಂದು ಕೇಳಿದರು. "ನೀವೇ ಅಜ್ಜಿ, ನೀವೇ" ಎಂದ ನನ್ನ ಮಗ. ಆವತ್ತಿನಿಂದ ಮಂಚದ ಮಾತು ಅವರು ಎತ್ತಲಿಲ್ಲ.

ಹನಿಹನಿಗೂಡಿ ಹಳ್ಳ ಎಂಬಂತೆ ಅಭ್ಯಾಸ ಸಾಗಿತು. ಗೆರೆ ಒಂದು ಮಟ್ಟ ಮುಟ್ಟಿದ ಮೇಲೆ ಗುರಿಯನ್ನು ಇನ್ನಷ್ಟು ಏರಿಸುತ್ತಿದ್ದರು. ಮೀನಖಂಡದ ಸ್ನಾಯು ಸೆಟೆದುಕೊಂಡು ಪಾದವನ್ನು ಕೆಳಕ್ಕೆಳೆಯುತ್ತಿದ್ದುದರಿಂದ ಪಟ್ಟಿಯನ್ನು ಅಲ್ಲಿ ಅಂಟಿಸಿ, ಶಬ್ದ ಕಡಿಮೆ ಮಾಡುವ ಪಾಠವನ್ನೂ ಕಲಿಸಿದರು. ಕುಳಿತು ಕಲಿತದ್ದನ್ನು ನಿಂತು, ಆಮೇಲೆ ನಡೆಯುತ್ತಾ ಮಾಡಬೇಕು. ಕೊನೆಗೆ ಯಂತ್ರವಿಲ್ಲದೆಯೂ ಮಾಡಬೇಕು. ನಿಜವಾದ ಪರೀಕ್ಷೆ ಅದೇ. ಮನೆಯಲ್ಲಿ ಮಗನೇ ಯಂತ್ರವಾದ. ಪಾದ ಮೇಲೆದ್ದಾಗಲೆಲ್ಲ ಬಾಯಲ್ಲೇ 'ಟಿಕ್' ಎನ್ನುತ್ತಿದ್ದ.

ಈ ವಿದ್ಯೆ ಹೊಸತೇನಲ್ಲ. ತಮ್ಮ ಸ್ನಾಯುವಿನ ಸದ್ದು ಕೇಳುತ್ತಾ ಜನ ಅದರ ಅತಿ ಸಣ್ಣ ಘಟಕಗಳನ್ನೂ ಹತೋಟಿಗೆ ತರಬಲ್ಲರೆಂದು ಜಾನ್ ಬಸ್ಮಾಜಿಯನ್ ಎಂಬ ವಿಜ್ಞಾನಿ 1963ರಲ್ಲಿ ತೋರಿಸಿದರು. 1975ರಲ್ಲಿ ಅವರ ತಂಡ ಪಾದ ಜೋತುಬಿದ್ದ 20 ಪಾರ್ಶ್ವವಾಯು ರೋಗಿಗಳನ್ನು ಎರಡು ಗುಂಪು ಮಾಡಿ ಪರೀಕ್ಷಿಸಿತು. ಬರೀ ವ್ಯಾಯಾಮ ಮಾಡಿದವರಿಗಿಂತ, ವ್ಯಾಯಾಮದ ಜೊತೆ ಬಯೋಫೀಡ್‌ಬ್ಯಾಕ್ ಪಡೆದವರಲ್ಲಿ ಪಾದದ ಬಲ ಸುಮಾರು ಎರಡರಷ್ಟು ಹೆಚ್ಚಿತು. ಆದರೆ ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದ 2007ರ ಕಾಕ್ರೇನ್ ವಿಮರ್ಶೆ, ಎಲ್ಲರಿಗೂ ವಾಡಿಕೆಯಾಗಿ ಕೊಡುವಷ್ಟು ಪುರಾವೆ ಇಲ್ಲವೆಂದಿತು. ಆದುದರಿಂದ ಇದನ್ನು ಪವಾಡವೆಂದು ತಿಳಿಯಬೇಡಿ. ಜಾಹೀರಾತು ನೋಡಿ ಯಂತ್ರ ಕೊಳ್ಳಲು ಓಡಬೇಡಿ. ವ್ಯಾಯಾಮವೇ ಊಟ, ಇದು ಉಪ್ಪಿನಕಾಯಿ. ಯಾರಿಗೆ ಇದು ಬೇಕು, ಯಾರಿಗೆ ಪಾದ ಎತ್ತಿ ಹಿಡಿಯುವ ಪ್ಲಾಸ್ಟಿಕ್ ಪಟ್ಟಿ ಸಾಕು ಎಂಬುದನ್ನು ತಜ್ಞರೇ ಹೇಳಬೇಕು. ಅದಕ್ಕೆ ನಮ್ಮ ಮುಂಬಯಿಯಲ್ಲಿ ಜಾಗಗಳಿಗೆ ಬರವಿಲ್ಲ. ಹಾಜಿ ಅಲಿಯ ಬಳಿ 1955ರಿಂದಲೂ ಕೇಂದ್ರ ಸರಕಾರದ ಅಖಿಲ ಭಾರತ ಪುನರ್ವಸತಿ ಸಂಸ್ಥೆಯಿದೆ, ಪರೇಲ್‌ನ ಕೆ.ಇ.ಎಂ., ಮುಂಬಯಿ ಸೆಂಟ್ರಲ್‌ನ ನಾಯರ್ ಆಸ್ಪತ್ರೆಗಳಲ್ಲಿ ಫಿಸಿಯೋಥೆರಪಿ ವಿಭಾಗಗಳಿವೆ. ಚೇತರಿಕೆಯ ವೇಗ ಮೊದಲ ಕೆಲವು ತಿಂಗಳಲ್ಲೇ ಹೆಚ್ಚು, ತಡಮಾಡಬೇಡಿ.

ಅತ್ತೆಯವರು ಈಗ ಕೋಲೂರಿ ಕಟ್ಟಡದ ಗೇಟಿನವರೆಗೆ ನಡೆಯುತ್ತಾರೆ. ಮೆಟ್ಟಿಲಿಗೆ ಇನ್ನೂ ಒಬ್ಬರ ಕೈ ಬೇಕು. ಬಚ್ಚಲಿನ ಹೊಸ್ತಿಲ ಮುಂದೆ ಕ್ಷಣ ನಿಂತು, "ಹಿಮ್ಮಡಿ" ಎಂದು ತಮಗೆ ತಾವೇ ಹೇಳಿಕೊಂಡು ದಾಟುತ್ತಾರೆ.

ಯುವಮಿತ್ರರೇ, ಇಂದು ಸಂಜೆ ನಿಮ್ಮ ಅಜ್ಜ-ಅಜ್ಜಿಯರ ಬಳಿ ಕುಳಿತು ಕೇಳಿ: ಹಿಮ್ಮಡಿ ಯಾವುದು, ಹರಡು ಯಾವುದು, ಮೀನಖಂಡ ಯಾವುದು? ಅವರು ನಗುತ್ತಾ ತೋರಿಸಿಕೊಡುತ್ತಾರೆ. ದೇವರ ದಯೆಯಿಂದ ಆ ಪದಗಳು ನಿಮಗೆ ಆಸ್ಪತ್ರೆಯಲ್ಲಿ ಎಂದೂ ಬೇಕಾಗದಿರಲಿ. ಬೇಕಾದರೆ, ನಾಲಿಗೆಯ ತುದಿಯಲ್ಲಿರಲಿ.